ಲೀಟರಿಗೆ ಹದಿನಾರು

ಸಾವಿರದ ಒಂಬೈನೂರ ತೊಂಬತ್ತೊಂಬತ್ತನೆಯ ಇಸವಿ ಅಕ್ಟೋಬರ್ ಹತ್ತನೆಯ ತಾರೀಖು ಭಾನುವಾರ ಮಧ್ಯಾಹ್ನ, ಹಾಲೆಂಡಿನ ವೆಲ್ಡ್‌ಹೋವನ್ ಎಂಬ ಊರಿನ ಅನಂತರಾಮರ ಮನೆಯಲ್ಲಿ, ಹುಳಿಯನ್ನ ಮುಗಿದು ಮಜ್ಜಿಗೆ ಬರುವುದರೊಳಗೆ, ಮುಂದಿನ ತಲೆಮಾರುಗಳು ನೆನಪಿಡಬೇಕಾದ ಒಂದು ನಿರ್ಣಯವಾಯಿತು. ಕೆಂಪು ಕಾರಿನ ಡಿಕ್ಕಿಯಲ್ಲಿರುವ ಸ್ಟೆಪ್ನಿ ಚಕ್ರವನ್ನು ಇಳಿಸತಕ್ಕದ್ದು. ಜಾಕು, ಸ್ಪ್ಯಾನರು, ಚಕ್ರದ ಕೆಳಗಿನ ರಬ್ಬರ್ ಹಾಸು, ಇವನ್ನೂ ಇಳಿಸತಕ್ಕದ್ದು. ನಿರ್ಣಯ ಮಂಡಿಸಿದವರು ಅನಂತರಾಮರು. ಅನುಮೋದಿಸಿದವರೂ ಅನಂತರಾಮರು. ನಾವು ನಾಲ್ವರು ಅನ್ನ ಕಲಸುತ್ತಿದ್ದೆವು. ಅದನ್ನು ಸರ್ವಾನುಮತವೆಂದು ಪರಿಗಣಿಸಲಾಯಿತು.

“ಇಪ್ಪತ್ತು ಕೇಜಿ ಕಣ್ರಯ್ಯ! ದಂಡಕ್ಕೆ ದಿನಾ ನೈಮೆಗನ್‌ಗೆ ಹೋಗಿ ಬರ್ತಿದೆ. ಅಲ್ಲೇನು ಅದು ಪ್ರೋಗ್ರಾಮ್ ಬರಿಯುತ್ತಾ?” ಎಂದರು ಅನಂತರಾಮರು.

“ಪಂಚರ್ ಆದ್ರೆ ಸಾರ್?” ಎಂದು ತಿಮ್ಮಯ್ಯ ಕೇಳಿದ. ಕಾರು ಓಡಿಸುವವನು ಅವನು.

“ಆಗದೆ ಇರೋ ಹಾಗೆ ಓಡ್ಸು.”

ಆ ಬೇಸಿಗೆಯಿಂದ ಪೆಟ್ರೋಲ್ ಬಂಕಿನ ಬೋರ್ಡಿನ ಮೇಲಿನ ಅಂಕಿ ವಾರಕ್ಕೊಮ್ಮೆ ಮೇಲೇರುತ್ತ ಆ ದೇಶದ ನಾಣ್ಯದಲ್ಲಿ ಎರಡು ಗಿಲ್ಡರ್ ದಾಟಿತ್ತು. ಇದಕ್ಕೆ ಕಾರಣ ಎಣ್ಣೆ ದೇಶಗಳು ಎಂದು ಪತ್ರಿಕೆಗಳು ಬರೆದವು. ಅನಂತರಾಮರು ಪತ್ರಿಕೆ ಓದುತ್ತಿರಲಿಲ್ಲ. ಅವರ ಪ್ರಕಾರ ಕಾರಣ ತಿಮ್ಮಯ್ಯ.

ಸ್ಟೆಪ್ನಿಯ ನಂತರ ಏನನ್ನು ಇಳಿಸಬಹುದೆಂದು ಯೋಚನೆ ನಡೆಯಿತು. ಅನಂತರಾಮರ ಕಣ್ಣು ನಮ್ಮ ಮೇಲೆ ಬಿತ್ತು. “ರುಕ್ಮಿಣೀ, ತೂಕದ ಮಿಷನ್ ತೊಗೊಂಬಾ” ಎಂದರು. ಅವರ ಹೆಂಡತಿ ರುಕ್ಮಿಣಮ್ಮ ಬಚ್ಚಲಮನೆಯಿಂದ ಅದನ್ನು ತಂದು ಹಾಲಿನ ನಡುವೆ ಇಟ್ಟರು. ಕೈ ತೊಳೆದವರು ಒಬ್ಬೊಬ್ಬರಾಗಿ ಹತ್ತಬೇಕಾಯಿತು.

ಗುಂಡಪ್ಪ ತೊಂಬತ್ತೊಂದು ಕೇಜಿ.

“ಏನ್ರೀ ಗುಂಡಪ್ಪ, ಒಬ್ರು ಇದ್ದೀರೋ ಇಬ್ರು ಇದ್ದೀರೋ?”

“ನಮ್ಮ ಗದಗಿನ್ಯಾಗ ಇದಕ್ಕ ಸೊರಗ್ಯಾನ ಅಂತಾರ್ರೀ ಸರ” ಎಂದ ಗುಂಡಪ್ಪ.

ಮೇಲುಕೋಟೆಯ ಯತಿರಾಜ್ ಅರವತ್ನಾಲ್ಕು. ಮೂರನೆಯವನು ತಿಮ್ಮಯ್ಯ. ಐವತ್ತೊಂದು.

“ಶಭಾಷ್! ಡ್ರೈವರ್ ಅಂದ್ರೆ ಹೀಗಿರ್ಬೇಕು” ಎಂದು ಅನಂತರಾಮರು ಚಪ್ಪಾಳೆ ತಟ್ಟಿದರು. “ಚಿಕ್ಕಂದಿನಲ್ಲಿ ಊಟಕ್ಕೆ ಸರಿಯಾಗಿ ಸಿಗದೆ ಇದ್ರೆ ಇದೊಂದು ಲಾಭ, ನೋಡಿ.”

ನಾವು ನಕ್ಕೆವು. ತಿಮ್ಮಯ್ಯನೂ ನಕ್ಕು ಕೆಳಗಿಳಿದ. ನಾನು ಹತ್ತಲು ಹೋದಾಗ ರುಕ್ಮಿಣಮ್ಮ “ಒಂದ್ನಿಮಿಷ ನರಹರಿ” ಎಂದು ತಡೆದು, ಒದ್ದೆ ಬಟ್ಟೆ ತಂದು ಯಂತ್ರದ ಮೇಲ್ಭಾಗವನ್ನು ಎರಡು ಸಲ ಒರೆಸಿದರು. ಕಾಲುಚೀಲಕ್ಕೆ ತೇವ ತಾಕಿತು. ನಾನು ಐವತ್ತೊಂಬತ್ತು ಕೇಜಿ ಇದ್ದೆ.

“ಈಗ ಲೀಟರಿಗೆ ಎಷ್ಟು ಕೊಡ್ತಿದೆಯೋ ಗಾಡಿ?”

“ಹನ್ನೆರಡೂವರೆ ಸಾರ್.”

“ಹದಿನಾರು ತಾ. ಹದಿನಾರು ಬಂದ ದಿನ ನಿನ್ನ ಫೈಲಿಗೆ ಸೈನ್ ಹಾಕ್ತೀನಿ.”

ಫೈಲು ಎಂದರೆ ತಿಮ್ಮಯ್ಯನ ಪರ್ಮಿಟ್ಟು. ಅದು ನವೆಂಬರ್ ಮೂವತ್ತಕ್ಕೆ ಮುಗಿಯುವುದಿತ್ತು. ಕೆಲಸ ಕೊಟ್ಟವರು ಅದಕ್ಕೆ ಮೊದಲು ಸಹಿ ಮಾಡಿ ಅರ್ಜಿ ಕಳಿಸಿದರೆ ಅವನು ಈ ದೇಶದಲ್ಲಿ ಇರಬಹುದು. ಕಳಿಸದಿದ್ದರೆ ಊರಿಗೆ. ಅವನ ಪಾಸ್‌ಪೋರ್ಟು ಹಾಲಿನ ಮೂಲೆಯ ಬೀರುವಿನ ಡ್ರಾಯರಿನಲ್ಲಿತ್ತು. ನಮ್ಮ ಮೂವರ ಪಾಸ್‌ಪೋರ್ಟುಗಳೂ, ಕಳೆದುಹೋಗಬಾರದೆಂದು, ಅಲ್ಲೇ ಇದ್ದವು. ಆದ್ದರಿಂದ ಯಾವ ವಿಷಯದಲ್ಲೂ ನಮಗೆ ಅಭಿಪ್ರಾಯವಿರುತ್ತಿರಲಿಲ್ಲ.

ಊರಿನಲ್ಲಿ ಕಬ್ಬು ಕಡಿಯಲು ಆಳು ಸೇರಿಸುವವನಿಗೆ ಮೇಸ್ತ್ರಿ ಎನ್ನುತ್ತಾರೆ. ಪ್ರೋಗ್ರಾಮ್ ಬರೆಯಲು ಆಳು ಸೇರಿಸುವವನಿಗೆ ಕನ್ಸಲ್ಟೆಂಟ್ ಎನ್ನುತ್ತಾರೆ. ಎರಡು ಸಾವಿರದ ಇಸವಿ ಬಂದ ಕೂಡಲೆ ಜಗತ್ತಿನ ಕಂಪ್ಯೂಟರುಗಳೆಲ್ಲ ಇದು ಯಾವ ಶತಮಾನವೆಂದು ತಿಳಿಯದೆ ನಿಂತುಬಿಡುತ್ತವೆಂಬ ಭಯ ಆಗ ಎಲ್ಲೆಡೆ ಇತ್ತು. ಆ ಗಂಡಾಂತರ ತಪ್ಪಿಸಲು ಅನಂತರಾಮರು ಕರ್ನಾಟಕದಿಂದ ನಮ್ಮನ್ನು ಕರೆಸಿ, ಅರವತ್ತೈದು ಕಿಲೋಮೀಟರ್ ದೂರದ ನೈಮೆಗನ್ನಿನ ಒಂದು ಕಚೇರಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿದ್ದರು. ನಮ್ಮ ಗಂಟೆಗೆ ಅಲ್ಲಿ ಎಷ್ಟು ಬೆಲೆ ಎಂಬುದು ನಮಗೆ ಗೊತ್ತಿರಲಿಲ್ಲ.

ತಿಮ್ಮಯ್ಯ ಬಂದದ್ದೂ ಎಂಜಿನಿಯರಾಗಿಯೇ. ಕೊಳ್ಳೇಗಾಲದ ಕಡೆಯವನು, ಮೈಸೂರಿನಲ್ಲಿ ಓದಿದವನು. ಬಂದ ಮೊದಲ ನಾಲ್ಕು ತಿಂಗಳು ನಮ್ಮಂತೆಯೇ ಕೆಲಸ ಮಾಡಿದ. ಯತಿರಾಜನ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ. ಆಮೇಲೆ ಫೈಲಿನ ಪ್ರಸಂಗ ನಡೆಯಿತು.

ಆಗಸ್ಟಿನ ಒಂದು ಭಾನುವಾರ ಅನಂತರಾಮರು ಯಾವುದೋ ಕಚೇರಿಗೆ ಕಳಿಸಬೇಕೆಂದು ಎಲ್ಲರ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿ ಕೂತಿದ್ದರು. ತಿಮ್ಮಯ್ಯನ ಡಿಗ್ರಿ, ಅಂಕಪಟ್ಟಿ, ಜನನ ಪತ್ರಗಳ ನಡುವೆ ಅಶೋಕಸ್ತಂಭದ ದುಂಡು ಸೀಲು ಹೊಡೆದ ಒಂದು ಕನ್ನಡ ಕಾಗದ ಸಿಕ್ಕಿತು. ತಹಸೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ. ಮೂರು ನಕಲು, ಮೂರಕ್ಕೂ ಗೆಜೆಟೆಡ್ ಅಧಿಕಾರಿಯ ದೃಢೀಕರಣ.

“ಇದ್ಯಾಕಯ್ಯ ಇಲ್ಲಿದೆ?”

ತಿಮ್ಮಯ್ಯ ಬಗ್ಗಿ ನೋಡಿದ. “ಯಾವ್ ಅರ್ಜಿ ಹಾಕುದ್ರೂ ಇಡ್ತಿದ್ದೆ ಸಾರ್. ಸ್ಕೂಲಿಂದ್ಲೂವೆ. ಇಡ್ದಿದ್ರೆ ವಾಪಸ್ ಕಳುಸ್ತಿದ್ರು. ಕೈ ರೂಢಿ.”

“ಡಚ್ಚರಿಗೆ ಏನಂತ ಟ್ರಾನ್ಸ್‌ಲೇಟ್ ಮಾಡ್ಲಿ ಇದನ್ನ?”

“ಬೇಡ ಬುಡಿ ಸಾರ್. ತಗುದ್‌ಬುಡಿ.”

ತೆಗೆಯುವ ಮೊದಲು ಅನಂತರಾಮರು ಅದನ್ನು ಪೂರ್ತಿ ಓದಿದರು. ಓದಿ ಯತಿರಾಜನಿಗೆ ಕೊಟ್ಟರು. ಯತಿರಾಜ್ ಓದಿ ನನಗೆ ಕೊಟ್ಟ. ಅಚ್ಚುಕಟ್ಟಾದ ಸರ್ಕಾರಿ ಕನ್ನಡ, ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ಆ ವಾರವೇ ಯತಿರಾಜನಿಗೆ ಒಬ್ಬನೇ ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದೆಂದು ಹೊಳೆಯಿತು. ತಿಮ್ಮಯ್ಯ ನಮ್ಮ ಬಾಡಿಗೆ ಮನೆಯ ಅಟ್ಟಕ್ಕೆ ಹೋದ. ಸೆಪ್ಟೆಂಬರಿನಲ್ಲಿ ನೈಮೆಗನ್ನಿನ ಕಚೇರಿ ನಾಲ್ವರ ಬದಲು ಮೂವರು ಸಾಕು ಎಂದಿತು. ಯಾರನ್ನು ತೆಗೆಯಬೇಕೆಂದು ಅವರು ಹೇಳಲಿಲ್ಲ, ಅನಂತರಾಮರು ಹೇಳಿದರು. ಭಾನುವಾರದ ಊಟಕ್ಕೆ ರುಕ್ಮಿಣಮ್ಮ ಎಲ್ಲರಿಗೂ ಸ್ಟೀಲ್ ತಟ್ಟೆ ಇಟ್ಟು, ಅವನ ಮುಂದೆ ಕಾಗದದ ತಟ್ಟೆ ಇಟ್ಟು, “ಒಂದು ಕಮ್ಮಿ ಬಿತ್ತು ಕಣಪ್ಪ” ಎಂದರು. ಆ ಮನೆಯಲ್ಲಿ ಪ್ರತಿ ಭಾನುವಾರವೂ ಒಂದು ತಟ್ಟೆ ಕಡಿಮೆ ಬೀಳುತ್ತಿತ್ತು.

ನಮ್ಮಲ್ಲಿ ಕಾರು ಓಡಿಸಲು ಬರುತ್ತಿದ್ದುದು ಅವನೊಬ್ಬನಿಗೇ. ಅವನ ಅಪ್ಪ ಸರ್ಕಾರಿ ಬಸ್ಸಿನ ಡ್ರೈವರು. ನಮ್ಮ ಅಪ್ಪಂದಿರು ಬಸ್ಸಿನಲ್ಲಿ ಕೂತು ಹೋದವರು. ಹೀಗಾಗಿ ಅರ್ಧ ಸಂಬಳಕ್ಕೆ ಅವನು ಡ್ರೈವರಾದ.

ಹೊಸ ನಿಯಮಗಳ ಪ್ರಕಾರ ಎಂಬತ್ತರ ಮೇಲೆ ಓಡಿಸಬಾರದು. ಹೀಟರ್ ಹಾಕಬಾರದು. ನಮ್ಮನ್ನು ಬೆಳಿಗ್ಗೆ ನೈಮೆಗನ್ನಿನಲ್ಲಿ ಇಳಿಸಿ ಖಾಲಿ ಕಾರು ವಾಪಸು ಬಂದು ಸಂಜೆ ಮತ್ತೆ ಹೋದರೆ ಪೆಟ್ರೋಲು ಎರಡರಷ್ಟು. ಆದ್ದರಿಂದ ತಿಮ್ಮಯ್ಯ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ ಕಚೇರಿಯ ಪಾರ್ಕಿಂಗಿನಲ್ಲಿ, ಕಾರಿನೊಳಗೆ, ಎಂಜಿನ್ ಆಫ್ ಮಾಡಿಕೊಂಡು ಕೂತಿರಬೇಕು. ಕೊನೆಯದು ಇಳಿಜಾರಿನ ನಿಯಮ.

ಹಾಲೆಂಡಿನಲ್ಲಿ ಇಳಿಜಾರಿಲ್ಲ. ದೇವರು ಈ ದೇಶವನ್ನು ದೋಸೆಯಂತೆ ಹುಯ್ದು, ಸೌಟಿನ ತಳದಲ್ಲಿ ಸವರಿ ಹೋಗಿದ್ದಾನೆ. ಆದರೆ ಅನಂತರಾಮರು ವಯಸ್ಸಿನಲ್ಲಿ ನಂದಿಬೆಟ್ಟದಿಂದ ಸ್ಕೂಟರ್ ಆಫ್ ಮಾಡಿಕೊಂಡು ಇಳಿದವರು. ಹುಡುಕಿದರೆ ಇಳಿಜಾರು ಸಿಗುತ್ತದೆ ಎಂದರು. ಸಿಕ್ಕಿತು. ಮಾಸ್ ನದಿಯ ಸೇತುವೆ ನಡುವಿನಲ್ಲಿ ಉಬ್ಬಿಕೊಂಡಿತ್ತು. ಅದರ ನೆತ್ತಿಗೆ ಬಂದ ಕೂಡಲೆ ಬೀಗದ ಕೈ ತಿರುಗಿಸಿ ಎಂಜಿನ್ ಆಫ್ ಮಾಡಿ, ಉರುಳಿದಷ್ಟು ದೂರ ಉರುಳತಕ್ಕದ್ದು.

“ಸಾರ್, ಇದು ಇಂಜೆಕ್ಷನ್ ಗಾಡಿ” ಎಂದಿದ್ದ ತಿಮ್ಮಯ್ಯ. “ಗೇರ್‌ನಲ್ಲಿಟ್ಟು ಕಾಲು ತಗುದ್ರೆ ಅದೇ ಪೆಟ್ರೋಲ್ ನಿಲ್ಲಿಸ್ತದೆ. ಆಫ್ ಮಾಡೋದ್ರಿಂದ ಏನೂ ಉಳಿಯಲ್ಲ. ಸ್ಟೇರಿಂಗ್ ಬಿಗಿಯಾಯ್ತದೆ, ಬ್ರೇಕು ಎರಡು ಒತ್ತು ಒತ್ತುದ್‌ಮೇಲೆ ಕಲ್ಲಾಯ್ತದೆ.”

“ಎಂಜಿನಿಯರಿಂಗ್ ನನಗೆ ಹೇಳ್ಕೊಡ್ಬೇಡ. ನೀನು ಹೇಗೆ ಎಂಜಿನಿಯರ್ ಆದೆ ಅನ್ನೋ ಸರ್ಟಿಫಿಕೇಟ್ ನೋಡಿದೀನಿ.”

ಹೀಗೆ ದಿನಕ್ಕೆರಡು ಬಾರಿ ಸೇತುವೆಯ ನೆತ್ತಿಯಲ್ಲಿ ಎಂಜಿನ್ ಸುಮ್ಮನಾಗುತ್ತಿತ್ತು. ಚಕ್ರದ ಸದ್ದು, ಗಾಳಿಯ ಸದ್ದು, ಗುಂಡಪ್ಪ ಮೂಗಿನಲ್ಲಿ ಉಸಿರೆಳೆಯುವ ಸದ್ದು, ಇಷ್ಟೇ. ಕೆಳಗೆ ಕಲ್ಲಿದ್ದಲಿನ ದೋಣಿ ಹೋಗುತ್ತಿರುತ್ತಿತ್ತು. ತಿಮ್ಮಯ್ಯ ಎರಡೂ ಕೈಯಲ್ಲಿ ಸ್ಟೇರಿಂಗನ್ನು ಎತ್ತಿನ ಕೊಂಬಿನಂತೆ ಹಿಡಿದಿರುತ್ತಿದ್ದ. ಬಲಗಾಲಿನ ಬೂಟು ಕಾಲುಚೀಲ ಕಳಚಿ ಪಕ್ಕಕ್ಕಿಟ್ಟು ಬರಿಗಾಲಿನಲ್ಲಿ ಓಡಿಸುವುದು ಅವನ ಪದ್ಧತಿ. ಕೆಲವು ಬೆಳಿಗ್ಗೆ ಆ ಕಾಲಿನ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿರುತ್ತಿದ್ದವು.

“ಬೂಟ್ ಹಾಕ್ಕೊಳಯ್ಯ, ಹಿಮ ಬೀಳೋ ಹಾಗಿದೆ” ಎಂದು ಯತಿರಾಜ್ ಒಮ್ಮೆ ಹೇಳಿದ.

“ಬೂಟಲ್ಲಿ ಪೆಡ್ಲು ಗೊತ್ತಾಗಲ್ಲ. ನಮ್ಮಪ್ಪ ಅಂತಿತ್ತು, ಮಗ ಮಲಗೋವಾಗ ಬೆನ್ನು ತಟ್ತೀವಲ್ಲ, ಅಷ್ಟೇ ಒತ್ಬೇಕು ಅಂತ. ಲೀಟರಿಗೆ ಎಷ್ಟು ಓಡುಸ್ತಾರೆ ಅಂತ ಡಿಪೋದಲ್ಲಿ ನೋಡ್ತಿದ್ರು. ನಮ್ಮಪ್ಪಂಗೆ ಒಂದ್ಸಲ ಗೋಡೆ ಗಡಿಯಾರ ಕೊಟ್ಟಿದ್ರು.”

“ನಿನಗೂ ಕೊಡ್ತಾರೆ ಬಿಡು ಅನಂತರಾಮರು.”

“ಗಡಿಯಾರ ಬೇಡ. ಒಂದು ಸೈನು ಸಾಕು.”

ನವೆಂಬರ್ ಮೊದಲ ವಾರ, ಸೇತುವೆ ಇಳಿಯುವಲ್ಲಿ, ಸಕ್ಕರೆ ಗೆಡ್ಡೆ ತುಂಬಿದ ಟ್ರ್ಯಾಕ್ಟರೊಂದು ಪಕ್ಕದ ರಸ್ತೆಯಿಂದ ನಿಧಾನವಾಗಿ ಮುಂದೆ ಬಂದಿತು. ತಿಮ್ಮಯ್ಯ ಬ್ರೇಕ್ ಒತ್ತಿದ. ಇನ್ನೊಮ್ಮೆ ಒತ್ತಿದ. ಮೂರನೆಯ ಸಲ ಸೀಟಿನಿಂದೆದ್ದು ಬ್ರೇಕಿನ ಮೇಲೆ ನಿಂತೇಬಿಟ್ಟ. ಟ್ರೈಲರಿನ ಹಿಂದಿನ ಹಲಗೆ ಗಾಜಿಗೆ ಮಾರುದ್ದ ದೂರದಲ್ಲಿರುವಾಗ ಕಾರು ನಿಂತಿತು. ಒಂದು ಗೆಡ್ಡೆ ಉರುಳಿ ಬಾನೆಟ್ಟಿನ ಮೇಲೆ ಬಿತ್ತು.

“ಲೇ ನಿಮ್ಮವ್ವನ! ಎಂಜಿನ್ ಚಾಲೂ ಮಾಡ್ಲೇ! ಕೊಲ್ಲಾಂವ ಅದಿಯೇನ್?” ಎಂದು ಗುಂಡಪ್ಪ ಹಿಂದಿನ ಸೀಟಿನಿಂದ ಕಿರುಚಿದ.

“ಹದಿನಾರು ಬೇಕಲ್ಲ ಗುಂಡಪ್ಪಣ್ಣ” ಎಂದ ತಿಮ್ಮಯ್ಯ. ಇಳಿದು ಗೆಡ್ಡೆಯನ್ನು ರಸ್ತೆಯ ಬದಿಗಿಟ್ಟು ಬಂದ.

“ಇದನ್ನ ಅನಂತರಾಮರಿಗೆ ಹೇಳ್ಳೇಬೇಕು ಕಣ್ರೀ” ಎಂದ ಯತಿರಾಜ್. “ಭಾನುವಾರ ಹೇಳೋಣ.”

ಭಾನುವಾರ ಬಿಸಿಬೇಳೆಬಾತ್ ಮಾಡಿದ್ದರು.

ಕಚೇರಿಯಲ್ಲಿ ನನ್ನ ಮೇಜು ಎರಡನೆಯ ಮಹಡಿಯ ಕಿಟಕಿಗೆ ಅಂಟಿಕೊಂಡಿತ್ತು. ಕೆಳಗೆ ಪಾರ್ಕಿಂಗಿನ ಕೊನೆಯಲ್ಲಿ ಕೆಂಪು ಕಾರು ಕಾಣುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಅದರ ಗಾಜುಗಳು ಒಳಗಿನಿಂದ ಮಂಜಾಗುತ್ತಿದ್ದವು. ಆಗಾಗ ಒಂದು ಕೈ ಬಂದು ಅಂಗೈಯಗಲ ಜಾಗವನ್ನು ಒರೆಸುತ್ತಿತ್ತು. ಮತ್ತೆ ಮಂಜು ಮುಚ್ಚುತ್ತಿತ್ತು. ನಾನು ಎರಡಂಕಿಯ ಇಸವಿಗಳನ್ನು ನಾಲ್ಕಂಕಿಗೆ ತಿದ್ದುತ್ತಿದ್ದೆ.

ಎಲ್ಲವನ್ನೂ ಹೇಳಬೇಕಾದರೆ ಇದನ್ನೂ ಹೇಳಬೇಕು. ನಮ್ಮಲ್ಲಿ ಆ ಹಳೆಯ ಪ್ರೋಗ್ರಾಮುಗಳನ್ನು ಚೆನ್ನಾಗಿ ಬಲ್ಲವನು ತಿಮ್ಮಯ್ಯ. ನನಗೆ ತಿಳಿಯದ ಕಡೆ ಕಾಗದದ ಮೇಲೆ ಅಚ್ಚು ತೆಗೆದು ಮಧ್ಯಾಹ್ನ ಕೆಳಗೆ ಒಯ್ಯುತ್ತಿದ್ದೆ. ಅವನು ಕಿಟಕಿ ಇಳಿಸಿ ತೆಗೆದುಕೊಂಡು, ತೊಡೆಯ ಮೇಲಿಟ್ಟು, ಪೆನ್ಸಿಲಿನಲ್ಲಿ ತಿದ್ದಿ ಕೊಡುತ್ತಿದ್ದ. ನಾನು ಮೇಲೆ ಹೋಗಿ ಅದನ್ನು ಟೈಪ್ ಮಾಡುತ್ತಿದ್ದೆ. ಆ ಏಳು ವಾರಗಳಲ್ಲಿ ಕಚೇರಿಯವರು ನನ್ನ ಕೆಲಸವನ್ನು ಎರಡು ಸಲ ಹೊಗಳಿದರು.

ಹಾಗೊಮ್ಮೆ ನಾನು ಕಾಗದ ಹಿಡಿದು ಕಿಟಕಿಯ ಬಳಿ ನಿಂತಿದ್ದಾಗ ಕಚೇರಿಯ ಕಾವಲುಗಾರ ಬಂದ. ಬಿಳಿ ಮೀಸೆಯ, ಎತ್ತರದ ಮುದುಕ. ಇಂಗ್ಲಿಷಿನಲ್ಲಿ ವಿನಯವಾಗಿಯೇ ಹೇಳಿದ.

“ಇಲ್ಲಿ ವಾಸ ಮಾಡುವ ಹಾಗಿಲ್ಲ ಸ್ವಾಮಿ.”

“ವಾಸ ಇಲ್ಲ. ಕಾಯುತ್ತಿದ್ದೇನೆ” ಎಂದ ತಿಮ್ಮಯ್ಯ.

“ಯಾರನ್ನು?”

“ಸಹೋದ್ಯೋಗಿಗಳನ್ನು.”

“ಮತ್ತೆ ನಿಮ್ಮ ಉದ್ಯೋಗ?”

“ಕಾಯುವುದು.”

ಮುದುಕ ನನ್ನತ್ತ ನೋಡಿದ. ನಾನು ಕಾಗದ ನೋಡಿದೆ. ಆಮೇಲೆ ಅವನು ತಿಮ್ಮಯ್ಯನ ಬರಿಗಾಲನ್ನು ನೋಡಿ, ಗಾಳಿಯಲ್ಲಿ ಬೀಗದ ಕೈ ತಿರುಗಿಸಿ ತೋರಿಸಿ, ಎಂಜಿನ್ ಹಾಕಿಕೊಳ್ಳಬಾರದೇ, ಬೆಚ್ಚಗಾಗುತ್ತದೆ ಎಂದ.

“ಪೆಟ್ರೋಲು ತುಟ್ಟಿ” ಎಂದ ತಿಮ್ಮಯ್ಯ.

ಮುದುಕನಿಗೆ ಈ ಮಾತು ಪೂರ್ತಿ ಒಪ್ಪಿಗೆಯಾಯಿತು. ತನ್ನ ಕಾರು ಲೀಟರಿಗೆ ಎಷ್ಟು ಕೊಡುತ್ತದೆ, ಸರ್ಕಾರ ಎಷ್ಟು ತೆರಿಗೆ ನುಂಗುತ್ತದೆ ಎಂದು ಐದು ನಿಮಿಷ ಹೇಳಿ, ತಲೆಯಾಡಿಸುತ್ತ ಹೋದ. ಅವನು ಹೋದ ಮೇಲೆ ತಿಮ್ಮಯ್ಯ ಕನ್ನಡದಲ್ಲಿ, ಯಾರಿಗೂ ಅಲ್ಲದಂತೆ, “ಬೋಳಿಮಗಂದು, ನಮ್ಮೂರ ಎಮ್ಮೆ ಕೊಟ್ಟಿಗೆನಾದ್ರೂ ಇದುಕ್ಕಿಂತ ಬೆಚ್ಚಗದೆ” ಎಂದ. ಕಾಗದ ಹಿಂದಿರುಗಿಸಿದ. “ನಾಲ್ಕನೇ ಸಾಲು ತಪ್ಪು ಬರ್ದಿದ್ದೀರಿ, ಸರಿ ಮಾಡೀವ್ನಿ.”

ನವೆಂಬರ್ ಇಪ್ಪತ್ತೊಂದು, ಭಾನುವಾರ. ಟ್ಯಾಂಕ್ ತುಂಬಿಸಿ ಬಂದ ತಿಮ್ಮಯ್ಯ ಬಂಕಿನ ಚೀಟಿಯನ್ನು ಅನಂತರಾಮರ ಕೈಗಿಟ್ಟು ನಿಂತ. ಊಟದ ಹೊತ್ತಾಗಿತ್ತು. ಅನಂತರಾಮರು ಕ್ಯಾಲ್ಕುಲೇಟರ್ ಒತ್ತಿದರು. ಅಳಿಸಿ ಮತ್ತೆ ಒತ್ತಿದರು.

“ಹದಿನಾರು ಪಾಯಿಂಟ್ ಒಂದು.”

“ಹೂಂ ಸಾರ್” ಎಂದ ತಿಮ್ಮಯ್ಯ. ಅವನ ಹಲ್ಲು ಕಂಡದ್ದು ಆ ತಿಂಗಳಲ್ಲಿ ಅದೊಂದೇ ಸಲ.

“ಅಂದ್ರೆ ಈ ಗಾಡಿ ಹದಿನಾರು ಕೊಡುತ್ತೆ.”

“ಕೊಡ್ತದೆ ಸಾರ್. ಕಷ್ಟಪಟ್ರೆ.”

“ಹಾಗಾದ್ರೆ ಇಷ್ಟು ದಿನ ಹನ್ನೆರಡೂವರೆ ಅಂತ ಹೇಳ್ತಿದ್ಯಲ್ಲ, ಮಿಕ್ಕಿದ್ದು ಎಲ್ಲಿಗೆ ಹೋಯ್ತು?”

ತಿಮ್ಮಯ್ಯನಿಗೆ ತಕ್ಷಣ ಅರ್ಥವಾಗಲಿಲ್ಲ. ನಮಗೂ ಆಗಲಿಲ್ಲ. ರುಕ್ಮಿಣಮ್ಮನಿಗೆ ಆಯಿತೆಂದು ಕಾಣುತ್ತದೆ, ಅವರು ಅಡುಗೆಮನೆಗೆ ಹೋದರು.

“ಯಾರಿಗೆ ಮಾರ್ತಿದ್ದೆ?”

“ಸಾರ್, ನಾನ್ಯಾರ್ಗೆ ಮಾರ್ಲಿ ಸಾರ್? ಹೀಟ್ರು ಹಾಕ್ದಂಗೆ, ಎಂಬತ್ತು ದಾಟ್ದಂಗೆ, ನೀವ್ ಹೇಳ್ದಂಗೆ—”

“ನಿಮ್ಮೋರ ಬುದ್ಧೀನೇ ಇಷ್ಟು ಕಣೋ. ಕೊಡೋವರೆಗೂ ಕೈ ಚಾಚ್ತೀರಾ. ಕೊಟ್ಟ ಮೇಲೆ ಅದ್ರಲ್ಲೇ ಕದೀತೀರಾ. ಸೀಟು ಕೊಟ್ರು, ಓದ್ಸಿದ್ರು, ನಾನು ವಿಮಾನ ಹತ್ಸಿ ಕರ್ಕೊಂಬಂದೆ. ಕಳ್ಳತನ ಬಿಟ್ಟು ಹೋಗಲ್ಲ ನೋಡು.”

ತಿಮ್ಮಯ್ಯ ನಮ್ಮತ್ತ ತಿರುಗಿದ. “ಯತಿರಾಜ್ನೋರೆ, ನೀವು ಮುಂದಿನ ಸೀಟಲ್ಲೇ ಕೂತಿರ್ತೀರಿ. ನೀವಾದ್ರೂ ಹೇಳಿ.”

ಯತಿರಾಜ್ ಅಡುಗೆಮನೆಯ ಕಡೆ ನೋಡಿದ. “ಪಲ್ಯದ ವಾಸನೆ ಘಮ್ ಅಂತಿದೆ ರುಕ್ಮಿಣಮ್ಮ. ಬದನೆಕಾಯೀನಾ?” ಎಂದ.

ಬದನೆಕಾಯಿಯೇ ಆಗಿತ್ತು.

“ಫೈಲು ಸಾರ್?” ಎಂದ ತಿಮ್ಮಯ್ಯ. “ಮೂವತ್ತಕ್ಕೆ ಮುಗೀತದೆ. ಒಂಬತ್ತು ದಿನ ಅದೆ.”

“ಹದಿನೆಂಟು ತಾ. ಆಮೇಲೆ ನೋಡೋಣ.”

“ಹದಿನೆಂಟು ಬರಲ್ಲ ಸಾರ್ ಇದು.”

“ಹದಿನಾರೂ ಬರಲ್ಲ ಅಂದಿದ್ದೆ.”

ತಿಮ್ಮಯ್ಯ ಹಾಗೆ ಎಂದೂ ಅಂದಿರಲಿಲ್ಲ. ರುಕ್ಮಿಣಮ್ಮ ಬಂದು ನಾಲ್ಕು ಸ್ಟೀಲ್ ತಟ್ಟೆಗಳನ್ನೂ ಒಂದು ಕಾಗದದ ತಟ್ಟೆಯನ್ನೂ ಹಾಕಿದರು. ತಿಮ್ಮಯ್ಯ ಕೂತು ಉಂಡ. ಎರಡು ಸಲ ಅನ್ನ ಹಾಕಿಸಿಕೊಂಡ.

ಸೋಮವಾರದಿಂದ ಗುರುವಾರದವರೆಗೆ ಹೇಳುವಂಥದ್ದೇನೂ ನಡೆಯಲಿಲ್ಲ. ಬರಿಗಾಲು, ಎಂಬತ್ತು, ಸೇತುವೆ, ಮೌನ, ಮಂಜಾದ ಗಾಜು. ನಾನು ದಿನವೂ ಕಾಗದ ಒಯ್ದೆ, ಅವನು ದಿನವೂ ತಿದ್ದಿ ಕೊಟ್ಟ.

ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಕಿಟಕಿಯಿಂದ ನೋಡಿದಾಗ ಕೆಂಪು ಕಾರಿನ ಹಿಂದೆ ಬಿಳಿ ಹೊಗೆಯಿತ್ತು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಎಂಜಿನ್ ಓಡುತ್ತಿತ್ತು. ಗಾಜುಗಳು ಸ್ವಚ್ಛವಾಗಿದ್ದವು. ತಿಮ್ಮಯ್ಯ ಕೋಟು ಬಿಚ್ಚಿ, ಅಂಗಿಯ ತೋಳು ಮಡಿಸಿ, ಸೀಟನ್ನು ಹಿಂದಕ್ಕೊರಗಿಸಿ, ಎರಡೂ ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಹೀಟರಿನ ಗಾಳಿ ಬರುವಲ್ಲಿ ಇಟ್ಟಿದ್ದ.

ಹನ್ನೊಂದಕ್ಕೆ ನೋಡಿದೆ. ಹೊಗೆಯಿತ್ತು. ಮಧ್ಯಾಹ್ನ ಕಾಗದ ಹಿಡಿದು ಕೆಳಗೆ ಹೋದೆ. ಅವನು ಕಿಟಕಿ ಇಳಿಸಲಿಲ್ಲ. ಗಾಜಿನೊಳಗಿಂದ ನನ್ನನ್ನು ನೋಡಿದ, ನಾನು ಯಾರೋ ದಾರಿ ಕೇಳುವವನೆಂಬಂತೆ. ಬಿಳಿ ಮೀಸೆಯ ಕಾವಲುಗಾರ ಬಂದು, ಹೊಗೆ ತೋರಿಸಿ, ಗಾಜು ತಟ್ಟಿದ. ಅವನಿಗೂ ಕಿಟಕಿ ಇಳಿಯಲಿಲ್ಲ. ಅವನು ನನ್ನ ಕಡೆ ತಿರುಗಿ ಪೆಟ್ರೋಲು ಬಹಳ ತುಟ್ಟಿ ಎಂದು ನೆನಪಿಸಿದ. ನಾನು ಮೇಲೆ ಹೋದೆ. ಮೂರಕ್ಕೆ ನೋಡಿದಾಗ ಹೊಗೆಯಿತ್ತು. ಐದಕ್ಕೆ ಕತ್ತಲಾಗಿತ್ತು. ಕಾರಿನ ನಾಲ್ಕೂ ದೀಪ ಉರಿಯುತ್ತಿದ್ದವು. ಆ ದಿನ ನನ್ನ ಕಾಗದದ ತಪ್ಪುಗಳು ನನ್ನ ಬಳಿಯೇ ಉಳಿದವು.

ಆರಕ್ಕೆ ನಾವು ಇಳಿದು ಬಂದು ಬಾಗಿಲು ತೆರೆದೆವು. ಒಳಗೆ ಚಿತ್ರದುರ್ಗದ ಏಪ್ರಿಲ್ ತಿಂಗಳಿತ್ತು. ಗುಂಡಪ್ಪ ಕೋಟು ಬಿಚ್ಚಿದ. ಯತಿರಾಜ್ ಪೆಟ್ರೋಲಿನ ಮುಳ್ಳನ್ನು ನೋಡಿ, ಆಮೇಲೆ ಕಿಟಕಿಯ ಹೊರಗೆ ನೋಡಿದ. ನನ್ನ ಕೈಬೆರಳುಗಳಿಗೆ ಜೀವ ಬಂದು ಜುಮ್ಮೆನ್ನತೊಡಗಿದವು. ಹಿತವಾಗಿತ್ತು.

ತಿಮ್ಮಯ್ಯ ಬೂಟು ಹಾಕಿಕೊಂಡಿದ್ದ. ಪೆಡಲನ್ನು ಬೂಟಿನಲ್ಲಿ ತುಳಿದ. ಮುಳ್ಳು ಎಂಬತ್ತು ದಾಟಿ ನೂರು ದಾಟಿ ನೂರಿಪ್ಪತ್ತಕ್ಕೆ ಹೋಯಿತು.

“ತಿಮ್ಮಯ್ಯ, ಎಂಬತ್ತು” ಎಂದ ಯತಿರಾಜ್ ಸಣ್ಣ ದನಿಯಲ್ಲಿ.

“ಕಾಣ್ತಾ ಅದೆ.”

ಮಾಸ್ ನದಿಯ ಸೇತುವೆಯ ನೆತ್ತಿಗೆ ಬಂದಾಗ ನಾವು ಮೂವರೂ ಅಭ್ಯಾಸಬಲದಿಂದ ಮೌನಕ್ಕೆ ಕಾದೆವು. ಅವನು ಕೈಯನ್ನು ಬೀಗದ ಕಡೆ ಒಯ್ಯಲಿಲ್ಲ. ಎಂಜಿನ್ ಕೂಗುತ್ತ ಇಳಿಯಿತು. ಸೇತುವೆ ದಾಟಿ ಎರಡು ಕಿಲೋಮೀಟರ್ ಹೋಗಿರಬಹುದು. ಕಾರು ಒಮ್ಮೆ ಕೆಮ್ಮಿತು, ಎರಡನೆಯ ಸಲ ಕೆಮ್ಮಿತು, ನಿಂತಿತು. ಹೊಲಗಳ ನಡುವಿನ ರಸ್ತೆ. ಒಂದು ಪಕ್ಕಕ್ಕೆ ಸೈಕಲ್ ದಾರಿ. ಮುಂದೆ ದೂರದಲ್ಲಿ ಬಂಕಿನ ಹಳದಿ ಬೆಳಕು ಕಾಣುತ್ತಿತ್ತು.

ತಿಮ್ಮಯ್ಯ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತ.

“ಇಳೀರ್ಲಾ” ಎಂದ.

ಅವನು ನಮ್ಮನ್ನು ಹಾಗೆ ಕರೆದದ್ದು ಅದೇ ಮೊದಲು. “ಏನಂದಿ?” ಎಂದ ಗುಂಡಪ್ಪ.

“ಇಳುದು ನೂಕ್ರಲಾ. ಮೂರೂ ಜನ. ನನ್ ತೂಕ ಐವತ್ತೊಂದೇಯ, ಭಾರ ಆಗಕಿಲ್ಲ.”

“ಅಲ್ಲಯ್ಯ, ನೀನೂ ಒಂದು ಕೈ—” ಎಂದು ಯತಿರಾಜ್ ಶುರು ಮಾಡಿದ.

“ಸ್ಟೇರಿಂಗ್ ಯಾರ್ ಇಡೀತೀರಿ? ನಿಮ್ಗೆ ಬತ್ತದಾ?”

ಬರುತ್ತಿರಲಿಲ್ಲ. ನಾವು ಇಳಿದೆವು. ಗುಂಡಪ್ಪ ನಡುವೆ, ಯತಿರಾಜ್ ಎಡಕ್ಕೆ, ನಾನು ಬಲಕ್ಕೆ ನಿಂತು, ಟೈಯನ್ನು ಭುಜದ ಮೇಲಕ್ಕೆ ಎಸೆದು, ಡಿಕ್ಕಿಯ ಮೇಲೆ ಕೈಯೂರಿ ನೂಕಿದೆವು. ಕಾರು ಹೊರಟಿತು. ಸೈಕಲಿನಲ್ಲಿ ಬಂದ ಒಬ್ಬ ಮುದುಕಿ ನಮ್ಮನ್ನು ಹಿಂದೆ ಹಾಕಿ, ಗಂಟೆ ಬಾರಿಸಿ, ಶುಭ ಸಂಜೆ ಹೇಳಿ ಹೋದಳು. ಗುಂಡಪ್ಪ ಹೆಜ್ಜೆಗೊಂದರಂತೆ ಅನಂತರಾಮರ ವಂಶದವರನ್ನು ಗದಗಿನ ಭಾಷೆಯಲ್ಲಿ ನೆನೆಯುತ್ತಿದ್ದ. ತಿಮ್ಮಯ್ಯನ ಹೆಸರು ಅದರಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಮುಂದಿನ ಕಿಟಕಿಯಿಂದ ದನಿ ಬಂತು.

“ಯತಿರಾಜ್ನೋರೇ! ಈಗ ಲೆಕ್ಕ ಹಾಕಿ. ಒಂದು ತೊಟ್ಟು ಪೆಟ್ರೋಲ್ ಕುಡೀದಂಗೆ ಓಡ್ತಾ ಅದೆ. ಹದಿನೆಂಟೇನು, ನಿಮ್ ಕಂಪ್ಯೂಟ್ರಲ್ಲಿ ಬರೆಯೋಕೆ ಅಂಕಿನೇ ಸಾಲಲ್ಲ!”

ಯತಿರಾಜ್ ಉಸಿರು ಉಳಿಸಿಕೊಳ್ಳುತ್ತಿದ್ದ.

“ಜೋರಾಗಿ ನೂಕ್ರಲಾ, ಊಟ ಮಾಡಿಲ್ವಾ? ಬದನೆಕಾಯ್ ಪಲ್ಯ ತಿಂದಿದ್ರಲ್ಲ ಭಾನ್ವಾರ, ಎಲ್ಲೋಯ್ತು ಅದು?”

ಬಂಕು ತಲುಪಲು ನಲವತ್ತು ನಿಮಿಷ ಹಿಡಿಯಿತು. ತಿಮ್ಮಯ್ಯ ಕಾರನ್ನು ಪಂಪಿನ ಪಕ್ಕಕ್ಕೆ ಅಚ್ಚುಕಟ್ಟಾಗಿ ತಿರುಗಿಸಿ ನಿಲ್ಲಿಸಿ, ಕೈ ಬ್ರೇಕ್ ಎಳೆದು, ಇಳಿದ. ಕೋಟು ಹಾಕಿಕೊಂಡ. ಬೀಗದ ಕೈಯನ್ನು ಪೆಟ್ರೋಲಿನ ಮುಚ್ಚಳದ ಮೇಲೆ ಇಟ್ಟ. ಅದು ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ರಸ್ತೆಯಾಚೆಯ ಬಸ್ ನಿಲ್ದಾಣದ ಕಡೆ ನಡೆದ. ಹಿಂದಿರುಗಿ ನೋಡಲಿಲ್ಲವೆಂದು ಬರೆಯಬಹುದಿತ್ತು. ನೋಡಿದ. ನೋಡಿ, ಕ್ಯಾಕರಿಸಿ, ಉಗಿದ.

ನಾವು ಮೂವರು ಕಾರಿನ ಸುತ್ತ ನಿಂತೆವು. ಓಡಿಸಲು ಯಾರಿಗೂ ಬರುತ್ತಿರಲಿಲ್ಲ. ಕೊನೆಗೆ ನಾವೂ ಬಸ್ಸಿನಲ್ಲಿ ಹೋದೆವು, ಅವನು ಹತ್ತಿದ್ದರ ನಂತರದ್ದರಲ್ಲಿ.

ಸೋಮವಾರ ತಿಮ್ಮಯ್ಯ ಐಂಡ್‌ಹೋವನ್ನಿನ ವಿದೇಶೀಯರ ಪೊಲೀಸ್ ಕಚೇರಿಗೆ ಹೋಗಿ, ತನ್ನ ಪಾಸ್‌ಪೋರ್ಟು ಇಂಥವರ ಮನೆಯ ಇಂಥ ಡ್ರಾಯರಿನಲ್ಲಿದೆ ಎಂದು ಬರೆದುಕೊಟ್ಟ. ಅಂದು ಸಂಜೆ ಇಬ್ಬರು ಪೊಲೀಸರು ಅನಂತರಾಮರ ಮನೆಗೆ ಬಂದು ಡ್ರಾಯರ್ ತೆರೆಸಿದರು. ನಾಲ್ಕು ಪಾಸ್‌ಪೋರ್ಟುಗಳಿದ್ದವು. ನಮ್ಮನ್ನು ಕರೆಸಿ ಕೇಳಿದರು. ಯತಿರಾಜ್, ಗುಂಡಪ್ಪ ಮತ್ತು ನಾನು, ನಮ್ಮವನ್ನು ಭದ್ರವಾಗಿಡಲು ನಾವೇ ಕೊಟ್ಟದ್ದೆಂದು ಹೇಳಿ ಸಹಿ ಮಾಡಿದೆವು. ಅವರು ಒಂದನ್ನು ಮಾತ್ರ ತೆಗೆದುಕೊಂಡು ಹೋದರು.

ಪರ್ಮಿಟ್ಟಿನ ಅರ್ಜಿಯನ್ನು ಯಾರೂ ಕಳಿಸಿರಲಿಲ್ಲ. ತಿಮ್ಮಯ್ಯ ಡಿಸೆಂಬರ್ ಎಂಟರಂದು ಊರಿಗೆ ಹೋದ.